ಗ್ರ್ಯಾಂಡ್ ಕಾನ್ಕೋರ್ಸ್‌ನಲ್ಲಿ ಒಂದು ಮೈಲಿ

ನ್ಯೂಯಾರ್ಕಿನ ಬ್ರಾಂಕ್ಸ್ ಭಾಗಕ್ಕೆ ಪ್ರವಾಸಿಗಳು ಸಾಮಾನ್ಯವಾಗಿ ಬರುವುದು ಮೃಗಾಲಯ ನೋಡಲು, ಇಲ್ಲವೇ ಯಾಂಕಿ ಸ್ಟೇಡಿಯಂನಲ್ಲಿ ಬೇಸ್‌ಬಾಲ್ ನೋಡಲು. ಆ ಸ್ಟೇಡಿಯಂನ ಬೆನ್ನಿಗೇ ದಿಬ್ಬದ ಮೇಲೆ ಗ್ರ್ಯಾಂಡ್ ಕಾನ್ಕೋರ್ಸ್ ಎಂಬ ವಿಶಾಲ ರಸ್ತೆ ಉತ್ತರ ದಕ್ಷಿಣವಾಗಿ ಹಾದುಹೋಗಿದೆ. ಲೂಯಿ ರಿಸ್ಸೆ ಎಂಬ ಎಂಜಿನಿಯರ್ ಪ್ಯಾರಿಸ್‌ನ ಶಾಂಜೆಲೀಜೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಇದರ ನಕ್ಷೆ ಹಾಕಿದ. 1909ರಲ್ಲಿ ಸಂಚಾರಕ್ಕೆ ತೆರೆಯಿತು. ಇಕ್ಕೆಲದಲ್ಲೂ 1930ರ ದಶಕದ ಅಪಾರ್ಟ್‌ಮೆಂಟ್‌ಗಳು. ದುಂಡು ತಿರುಗಿದ ಮೂಲೆಗಳು, ಮೊಸಾಯಿಕ್ ಹಚ್ಚಿದ ಬಾಗಿಲುಗಳು ಹಳೆಯ ಠೀವಿಯನ್ನು ಇನ್ನೂ ಬಿಟ್ಟುಕೊಟ್ಟಿಲ್ಲ. ನಾನು ನಡೆಯಲು ಬಂದದ್ದು ಈ ರಸ್ತೆಯ ಒಂದು ಮೈಲಿಯನ್ನಷ್ಟೇ. ಮೇಲ್ತುದಿಯಲ್ಲಿ ಬಾಡಿಗೆದಾರರ ಮೊಕದ್ದಮೆಗಳ ಕೋರ್ಟು, ಕೆಳತುದಿಯಲ್ಲಿ ಮನೆ ಕಳೆದುಕೊಂಡ ಕುಟುಂಬಗಳು ಶೆಲ್ಟರ್‌ಗೆ ಅರ್ಜಿ ಹಾಕುವ ಕಚೇರಿ. ನಡುವೆ ಹದಿನೈದು ಅಡ್ಡರಸ್ತೆಗಳು.

ಮನೆಯಿಲ್ಲದವರು ಎಂದರೆ ನಮ್ಮ ಕಣ್ಣಿಗೆ ಕಟ್ಟುವುದು ಗಡ್ಡ ಬಿಟ್ಟು, ಅಂಗಡಿಯ ತಳ್ಳುಗಾಡಿಯಲ್ಲಿ ಗಂಟುಮೂಟೆ ತುಂಬಿಕೊಂಡು, ಸಬ್‌ವೇ ಬಾಗಿಲಲ್ಲಿ ಕುಳಿತ ಒಂಟಿ ಗಂಡಸು. ಅವರೂ ಇದ್ದಾರೆ. ಆದರೆ ಈ ನಗರದ ಶೆಲ್ಟರ್‌ಗಳಲ್ಲಿ ರಾತ್ರಿ ಮಲಗುವವರಲ್ಲಿ ಹೆಚ್ಚಿನವರು ಮಕ್ಕಳೊಂದಿಗರು. ಬಹುತೇಕ ಕುಟುಂಬಗಳಿಗೆ ತಾಯಿಯೊಬ್ಬಳೇ ಆಸರೆ. ಅವರು ರಸ್ತೆಯಲ್ಲಿ ಕಾಣುವುದಿಲ್ಲ. ಬೆಳಿಗ್ಗೆ ಮಗುವನ್ನು ಶಾಲೆಗೆ ಬಿಟ್ಟು ಕೆಲಸಕ್ಕೆ ಓಡುವ ಸಾವಿರಾರು ಹೆಂಗಸರ ನಡುವೆ ಕರಗಿಹೋಗಿರುತ್ತಾರೆ.

167ನೇ ರಸ್ತೆಯ ಸಬ್‌ವೇ ನಿಲ್ದಾಣದಿಂದ ಮೇಲೆ ಬಂದು ಎರಡು ಹೆಜ್ಜೆ ಇಟ್ಟರೆ 1118ನೇ ನಂಬರಿನ ಕಟ್ಟಡ, ಬ್ರಾಂಕ್ಸ್ ಹೌಸಿಂಗ್ ಕೋರ್ಟು. ಬೆಳಿಗ್ಗೆ ಒಂಬತ್ತಕ್ಕೇ ಬಾಗಿಲಲ್ಲಿ ಸಾಲು. ಬೆಲ್ಟು, ಕೀಲಿ, ಮೊಬೈಲು ಎಲ್ಲ ತಟ್ಟೆಗೆ ಹಾಕಿ ತಪಾಸಣೆ ದಾಟಿದರೆ ಲಿಫ್ಟಿಗೆ ಇನ್ನೊಂದು ಸಾಲು. ಕೋರ್ಟಿನ ನಿಜವಾದ ವ್ಯವಹಾರ ನ್ಯಾಯಾಧೀಶರ ಮುಂದಿಗಿಂತ ಹೆಚ್ಚಾಗಿ ಮೊಗಸಾಲೆಯಲ್ಲಿ ನಡೆಯುತ್ತದೆ. ಮಾಲೀಕರ ವಕೀಲ ಕಂಕುಳಲ್ಲಿ ಫೈಲುಗಳ ಕಟ್ಟು ಹಿಡಿದು ಹೆಸರು ಕೂಗುತ್ತಾನೆ. ಕೂಗಿಸಿಕೊಂಡವರು ಎದ್ದು ಬರುತ್ತಾರೆ. ಕಿಟಕಿಯ ಕಟ್ಟೆಯ ಮೇಲೆ ಕಾಗದ ಇಟ್ಟು ಒಬ್ಬಾಕೆ ಓದುತ್ತಿದ್ದಳು. ಮೈಮೇಲೆ ಆಸ್ಪತ್ರೆಯ ಆಯಾಗಳು ತೊಡುವಂಥ ನೀಲಿ ಉಡುಪು, ಸೊಂಟಕ್ಕೆ ಅಂಟಿಕೊಂಡು ಚಿಪ್ಸ್ ತಿನ್ನುತ್ತಿರುವ ಹುಡುಗ. ಬಾಕಿ ಬಾಡಿಗೆಯನ್ನು ಇಂಥ ತಾರೀಖಿನೊಳಗೆ ಕಟ್ಟುತ್ತೇನೆ, ತಪ್ಪಿದರೆ ಮನೆ ಬಿಡುತ್ತೇನೆ ಎಂಬ ರಾಜಿಪತ್ರ ಅದು. ಆಕೆ ಎರಡು ಸಲ ಓದಿದಳು, ಸಹಿ ಹಾಕಿದಳು, ಗಡಿಯಾರ ನೋಡಿಕೊಂಡಳು. ಕೆಲಸಕ್ಕೆ ಹೊತ್ತಾಗಿತ್ತು ಅಂತ ಕಾಣುತ್ತದೆ.

2017ರಲ್ಲಿ ನ್ಯೂಯಾರ್ಕ್ ನಗರ ಒಂದು ಕಾನೂನು ಮಾಡಿತು: ಮನೆ ಖಾಲಿ ಮಾಡಿಸುವ ಮೊಕದ್ದಮೆಯಲ್ಲಿ ಬಡ ಬಾಡಿಗೆದಾರರಿಗೆ ಉಚಿತ ವಕೀಲರು. ಇಡೀ ಅಮೆರಿಕದಲ್ಲೇ ಇಂಥ ಕಾನೂನು ಅದು ಮೊದಲನೆಯದು. ಅದಕ್ಕೂ ಮುಂಚೆ ಮಾಲೀಕರ ಕಡೆ ಸಾಮಾನ್ಯವಾಗಿ ವಕೀಲ, ಬಾಡಿಗೆದಾರರ ಕಡೆ ಬಹುತೇಕ ಯಾರೂ ಇಲ್ಲ. ಈಗಲೂ ಎಲ್ಲರಿಗೂ ವಕೀಲರು ಸಿಗುವುದಿಲ್ಲ. ಮನೆ ಖಾಲಿ ಮಾಡಿಸುವುದಕ್ಕೆ ಕೋವಿಡ್ ಕಾಲದಲ್ಲಿದ್ದ ತಡೆ 2022ರ ಜನವರಿಯಲ್ಲಿ ಮುಗಿದ ಮೇಲೆ ಮೊಕದ್ದಮೆಗಳು ನುಗ್ಗಿದವು, ವಕೀಲರ ಸಂಖ್ಯೆ ಅದಕ್ಕೆ ಸಾಲಲಿಲ್ಲ. ವಾಯಿದೆ ತಪ್ಪಿದವರ ಬಾಗಿಲಿಗೆ ನಮ್ಮಲ್ಲಿ ಕೋರ್ಟಿನ ಅಮೀನ ಬರುವಂತೆ ಇಲ್ಲಿ ನಗರದ ಮಾರ್ಷಲ್ ಬರುತ್ತಾನೆ, ಬೀಗ ಬದಲಾಯಿಸುತ್ತಾನೆ.

ಕೋರ್ಟಿನಿಂದ ಹೊರಬಂದು ರಸ್ತೆಯ ಆಚೆ ನೋಡಿದರೆ, ಇಟಲಿಯ ಅರಮನೆಯಂಥ ಸುಣ್ಣಕಲ್ಲಿನ ಭವನ. ಇದು ಆಂಡ್ರ್ಯೂ ಫ್ರೀಡ್‌ಮನ್ ಹೋಮ್. ಫ್ರೀಡ್‌ಮನ್ ಕೋಟ್ಯಧೀಶ, ಒಂದು ಕಾಲಕ್ಕೆ ನ್ಯೂಯಾರ್ಕ್ ಜೈಂಟ್ಸ್ ಬೇಸ್‌ಬಾಲ್ ತಂಡದ ಒಡೆಯ. 1915ರಲ್ಲಿ ಸಾಯುವ ಮುನ್ನ ವಿಚಿತ್ರವಾದ ಉಯಿಲು ಬರೆದಿಟ್ಟ: ಒಂದು ಕಾಲದಲ್ಲಿ ಶ್ರೀಮಂತರಾಗಿದ್ದು ದಿವಾಳಿಯೆದ್ದ ವೃದ್ಧರಿಗಾಗಿ ತನ್ನ ಹಣದಲ್ಲಿ ಒಂದು ಮನೆ ಕಟ್ಟಬೇಕು, ಅವರು ಮೊದಲಿನ ದರ್ಜೆಯಲ್ಲೇ ಕೊನೆಯ ದಿನಗಳನ್ನು ಕಳೆಯಬೇಕು. 1924ರಲ್ಲಿ ಬಾಗಿಲು ತೆರೆಯಿತು. ಬಾಡಿಗೆಯಿಲ್ಲ, ಊಟದ ಮನೆಗೆ ಮಾತ್ರ ತಕ್ಕ ಉಡುಪಿನಲ್ಲಿ ಬರಬೇಕು. ಹಣವಿದ್ದು ಕಳೆದುಕೊಂಡವರ ಮೇಲೆ ಇಷ್ಟು ಕನಿಕರ, ಎಂದೂ ಇಲ್ಲದವರಿಗೆ ಎದುರಿನ ಕೋರ್ಟು! ಉಯಿಲಿನ ಹಣ ಕರಗಿ ಆ ವ್ಯವಸ್ಥೆ ಎಂದೋ ನಿಂತುಹೋಯಿತು. ಈಗ ಭವನ ಒಂದು ಸಮುದಾಯ ಸಂಸ್ಥೆಯ ಕೈಯಲ್ಲಿದೆ.

ದಕ್ಷಿಣಕ್ಕೆ ನಡೆಯುತ್ತ ಹೋದಂತೆ ಪ್ರತಿ ಕಟ್ಟಡದ ಬಾಗಿಲಲ್ಲೂ ಒಂದೇ ಪ್ರಶ್ನೆ ಹುಟ್ಟುತ್ತದೆ: ಇಲ್ಲಿ ಬಾಡಿಗೆ ಎಷ್ಟು? ಹೊಸದಾಗಿ ಹಿಡಿಯುವವರಿಗೆ ತಿಂಗಳಿಗೆ ಎರಡು ಸಾವಿರ ಡಾಲರ್ ದಾಟುವುದು ಸಾಮಾನ್ಯ. ನಗರದ ಕನಿಷ್ಠ ಕೂಲಿ 2025ರಲ್ಲಿ ಗಂಟೆಗೆ 16.50 ಡಾಲರ್. ವಾರಕ್ಕೆ ನಲವತ್ತು ಗಂಟೆ ದುಡಿದರೆ ತಿಂಗಳಿಗೆ 2,860 ಡಾಲರ್, ಅದೂ ತೆರಿಗೆ ಕಳೆಯುವ ಮೊದಲು. ದುಡ್ಡಿದ್ದರೂ ಮನೆ ಬೇಕಲ್ಲ. 2023ರ ನಗರ ಸಮೀಕ್ಷೆಯ ಪ್ರಕಾರ ಬಾಡಿಗೆ ಮನೆಗಳಲ್ಲಿ ಖಾಲಿ ಇದ್ದದ್ದು ನೂರಕ್ಕೆ 1.41 ಮಾತ್ರ, 1968ರಿಂದೀಚೆಗೆ ಅದೇ ಅತಿ ಕಡಿಮೆ. 1,100 ಡಾಲರ್‌ಗಿಂತ ಅಗ್ಗದ ಮನೆಗಳಲ್ಲಿ ಈ ಲೆಕ್ಕ ಅರ್ಧ ಶೇಕಡವನ್ನೂ ಮುಟ್ಟಿರಲಿಲ್ಲ. ಬಡವರ ಬಾಡಿಗೆಗೆ ಕೇಂದ್ರ ಸರ್ಕಾರದ ನೆರವು ಇದೆ, ಆದರೆ ಅದು ಹಕ್ಕಲ್ಲ, ಅದೃಷ್ಟ. ಇಡೀ ದೇಶದಲ್ಲಿ ಅರ್ಹ ಕುಟುಂಬಗಳ ಪೈಕಿ ಸುಮಾರು ನಾಲ್ಕರಲ್ಲಿ ಒಂದಕ್ಕೆ ಮಾತ್ರ ಅದು ಸಿಗುತ್ತದೆ. ಉಳಿದವರು ವರ್ಷಗಟ್ಟಲೆ ಪಾಳಿಯಲ್ಲಿ ಕಾಯಬೇಕು.

ಮಾದಕ ವಸ್ತು, ಸೋಮಾರಿತನ, ಮಾನಸಿಕ ಕಾಯಿಲೆ ಎಂದು ಕಾರಣ ಹೇಳುವವರು ಅಮೆರಿಕದಲ್ಲೂ ಬೇಕಾದಷ್ಟು ಜನ. ಒಂಟಿಯಾಗಿ ಬೀದಿಯಲ್ಲಿರುವ ಕೆಲವರ ವಿಷಯದಲ್ಲಿ ಅದು ಸ್ವಲ್ಪ ನಿಜವಿರಬಹುದು. ಕುಟುಂಬಗಳ ವಿಷಯದಲ್ಲಿ ಬೇರೆಯದೇ ಕಾರಣಗಳು ಮುಂದೆ ಬರುತ್ತವೆ: ಮನೆಯಿಂದ ಹೊರಹಾಕಿಸಿಕೊಂಡವರು, ಗಂಡನ ಹೊಡೆತ ತಾಳಲಾರದೆ ಮಕ್ಕಳನ್ನು ಎತ್ತಿಕೊಂಡು ಬಂದವರು, ಅಕ್ಕನ ಮನೆಯ ಹಾಲ್‌ನಲ್ಲಿ ತಿಂಗಳುಗಟ್ಟಲೆ ಮಲಗಿ ಕೊನೆಗೆ ಅಲ್ಲಿಯೂ ಜಾಗವಿಲ್ಲ ಎನ್ನಿಸಿಕೊಂಡವರು. ಕರಿಯರು ಮತ್ತು ಲ್ಯಾಟಿನೋ ಜನರೇ ಇವರಲ್ಲಿ ಹೆಚ್ಚು. ಅದು ಆಕಸ್ಮಿಕವೇನಲ್ಲ. ತಲೆಮಾರುಗಳ ಕಾಲ ಬ್ಯಾಂಕ್ ಸಾಲ, ಒಳ್ಳೆಯ ಬಡಾವಣೆ, ಮನೆ ಒಡೆತನ ಇವೆಲ್ಲದರಿಂದ ದೂರವಿಟ್ಟ ಜನಕ್ಕೆ, ಒಂದು ತಿಂಗಳ ಸಂಬಳ ತಪ್ಪಿದರೆ ಒರಗಿಕೊಳ್ಳಲು ಗೋಡೆ ಇರುವುದಿಲ್ಲ.

161ನೇ ರಸ್ತೆಯ ಮೂಲೆ ಈ ದಾರಿಯ ಸಂಭ್ರಮದ ಜಾಗ. ಬಲಕ್ಕೆ ಜಾಯ್ಸ್ ಕಿಲ್ಮರ್ ಉದ್ಯಾನ, ಅದರ ತುದಿಯಲ್ಲಿ ಬಿಳಿ ಅಮೃತಶಿಲೆಯ ಕಾರಂಜಿ, ಆಮೇಲೆ ಭಾರಿ ಗಾತ್ರದ ಜಿಲ್ಲಾ ನ್ಯಾಯಾಲಯ. ಎದುರಿಗೆ ಕೆಂಪು ಇಟ್ಟಿಗೆಯ ಎತ್ತರದ ಕಟ್ಟಡ, 1923ರ ಕಾನ್ಕೋರ್ಸ್ ಪ್ಲಾಜಾ ಹೋಟೆಲ್. ಯಾಂಕಿ ಆಟಗಾರರು ಇಲ್ಲಿ ತಂಗುತ್ತಿದ್ದರು, ಅಧ್ಯಕ್ಷ ಪದವಿಗೆ ಸ್ಪರ್ಧಿಸಿದವರು ಇಲ್ಲಿ ಭಾಷಣ ಮಾಡುತ್ತಿದ್ದರು. 1960ರ ದಶಕದ ಕೊನೆಗೆ ಬಡಾವಣೆ ಬಡವಾದಾಗ ನಗರಸಭೆ ನಿರ್ಗತಿಕ ಕುಟುಂಬಗಳನ್ನು ತಂದು ತುಂಬಿದ್ದೂ ಇಲ್ಲೇ. ಈಗ ವೃದ್ಧರ ವಸತಿ. ಹೋಟೆಲುಗಳಲ್ಲಿ ಬಡ ಕುಟುಂಬಗಳನ್ನಿಡುವ ಈ ಚಾಳಿ ಮುಂದೆ ಬೆಳೆದು, 1980ರ ದಶಕದಲ್ಲಿ ಮ್ಯಾನ್‌ಹಟನ್‌ನ ಮಾರ್ಟಿನೀಕ್ ಹೋಟೆಲ್ ಕುಖ್ಯಾತವಾಯಿತು. ಜೊನಾಥನ್ ಕೋಜೊಲ್ 1988ರಲ್ಲಿ ಅದರ ಬಗ್ಗೆ ಒಂದು ಪುಸ್ತಕವನ್ನೇ ಬರೆದ. ರೇಗನ್ ಸರ್ಕಾರ ವಸತಿಯ ಹಣಕ್ಕೆ ಕತ್ತರಿ ಹಾಕಿದ ದಶಕ ಅದು. ಅಗ್ಗದ ಒಂಟಿ ಕೋಣೆಗಳ ವಠಾರಗಳನ್ನು ದುಬಾರಿ ಫ್ಲ್ಯಾಟುಗಳಾಗಿ ಪರಿವರ್ತಿಸಲು ಈ ನಗರವೇ ತೆರಿಗೆ ರಿಯಾಯಿತಿ ಕೊಟ್ಟಿತ್ತು. ಈ ದಕ್ಷಿಣ ಬ್ರಾಂಕ್ಸ್‌ನಲ್ಲಂತೂ 1970ರ ದಶಕದಲ್ಲಿ ಸಾಲು ಸಾಲು ಮನೆಗಳು ಬೆಂಕಿಗೆ ಆಹುತಿಯಾಗಿದ್ದವು.

ಇಲ್ಲಿಂದ ಮುಂದೆ ಫ್ರಾಂಜ್ ಸೀಗಲ್ ಉದ್ಯಾನದ ಬಂಡೆಗಳನ್ನು ದಾಟಿ, 151ನೇ ರಸ್ತೆಯಲ್ಲಿ ಬಲಕ್ಕೆ ತಿರುಗಿದರೆ ಇಳಿಜಾರಿನಲ್ಲಿ ಗಾಜು ಹೊದಿಸಿದ ಹೊಸ ಕಟ್ಟಡ ಕಾಣುತ್ತದೆ. ಇದೇ ಪಾತ್, ಮೊದಲು ಹೇಳಿದ ಶೆಲ್ಟರ್ ಅರ್ಜಿಯ ಕಚೇರಿ. (ನ್ಯೂಜೆರ್ಸಿಯಿಂದ ಮ್ಯಾನ್‌ಹಟನ್‌ಗೆ ಬರುವ ರೈಲಿಗೂ ಅದೇ ಹೆಸರು. ಅಲ್ಲಿಯ ಸಾಫ್ಟ್‌ವೇರ್ ಕನ್ನಡಿಗರಿಗೆ ಗೊತ್ತಿರುವ ಪಾತ್ ಅದು. ಇದನ್ನು ಬಲ್ಲವರು ಬೇರೆ ಜನ.) ಮಕ್ಕಳಿರುವ ಕುಟುಂಬ ನಗರದ ಯಾವ ಮೂಲೆಯಲ್ಲಿ ಮನೆ ಕಳೆದುಕೊಂಡರೂ ಶೆಲ್ಟರ್ ಬೇಕೆಂದರೆ ಇಲ್ಲಿಗೇ ಬರಬೇಕು. ಹಗಲೂ ರಾತ್ರಿ ತೆರೆದಿರುತ್ತದೆ.

ಹೊರಗಿನ ಕಾಲುದಾರಿಯಲ್ಲಿ ಸ್ವಲ್ಪ ಹೊತ್ತು ನಿಂತರೆ ಸಾಕು. ಇಬ್ಬರು ಕೂರುವ ಮಕ್ಕಳ ತಳ್ಳುಗಾಡಿ, ಅದರ ಹಿಡಿಗೆ ತೂಗುಬಿಟ್ಟ ಚೀಲಗಳು, ಚಕ್ರ ಮುರಿದ ಸೂಟ್‌ಕೇಸು, ಬಟ್ಟೆ ತುಂಬಿದ ಕಪ್ಪು ಕಸದ ಚೀಲ. ಆ ಕಪ್ಪು ಚೀಲವೇ ಇಲ್ಲಿ ಎಲ್ಲಕ್ಕಿಂತ ಹೆಚ್ಚು ಕಾಣುವ ಸಾಮಾನು. ಒಬ್ಬಳು ತಾಯಿ ಪ್ಲಾಸ್ಟಿಕ್ ಫೈಲನ್ನು ಎದೆಗವಚಿಕೊಂಡೇ ಮಗುವಿಗೆ ಹಾಲು ಕುಡಿಸುತ್ತಿದ್ದಳು. ಆ ಫೈಲು ಅವಳಿಗೆ ಹಾಲಿನ ಬಾಟಲಿಯಷ್ಟೇ ಮುಖ್ಯ. ಮಕ್ಕಳ ಜನನ ಪ್ರಮಾಣಪತ್ರ, ಗುರುತಿನ ಚೀಟಿ, ಕೋರ್ಟಿನ ಆದೇಶ ಎಲ್ಲ ಅದರಲ್ಲೇ. ಕಳೆದ ಎರಡು ವರ್ಷ ಎಲ್ಲೆಲ್ಲಿ ಮಲಗಿದ್ದಿರಿ ಎಂಬುದಕ್ಕೆ ಲೆಕ್ಕ ಕೊಡಬೇಕು. ತನಿಖೆಗೆ ಹತ್ತು ದಿನ. ಅಷ್ಟು ದಿನ ಎಲ್ಲಾದರೂ ತಾತ್ಕಾಲಿಕ ಜಾಗ ಕೊಡುತ್ತಾರೆ. ಚಿಕ್ಕಮ್ಮನಿಗೋ ಅಕ್ಕನಿಗೋ ಫೋನು ಹೋಗುತ್ತದೆ: ಇವರನ್ನು ಮತ್ತೆ ಇಟ್ಟುಕೊಳ್ಳಬಹುದಲ್ಲ? ಆಕೆ ಅಳುಕಿ 'ಹೂಂ' ಅಂದರೆ ಅರ್ಜಿ ತಿರಸ್ಕಾರ. ಬೇರೆ ಜಾಗವಿದೆ ಎಂಬುದೇ ತಿರಸ್ಕಾರಕ್ಕೆ ಸಾಮಾನ್ಯ ಕಾರಣ. ಆಮೇಲೆ ಮತ್ತೆ ಇದೇ ಬಾಗಿಲು, ಮತ್ತೆ ಅದೇ ಫೈಲು.

ಇಷ್ಟಾದರೂ ನ್ಯೂಯಾರ್ಕ್ ಅಮೆರಿಕದಲ್ಲಿ ಅಪವಾದ. ಇಲ್ಲಿ ಆಸರೆ ಕೇಳುವುದು ಕಾನೂನಿನ ಹಕ್ಕು. ರಾಬರ್ಟ್ ಹೇಯ್ಸ್ ಎಂಬ ಯುವ ವಕೀಲ 1979ರಲ್ಲಿ ಹೂಡಿದ ದಾವೆಯಿಂದ 1981ರಲ್ಲಿ ಒಂಟಿ ಗಂಡಸರಿಗೆ ಈ ಹಕ್ಕು ಸಿಕ್ಕಿತು. 1983ರಲ್ಲಿ ಶುರುವಾದ ಇನ್ನೊಂದು ದಾವೆ ಕುಟುಂಬಗಳಿಗಾಗಿ ನಡೆದು, 2008ರ ಹೊತ್ತಿಗೆ ಒಪ್ಪಂದದಲ್ಲಿ ಮುಗಿಯಿತು. ಕುಟುಂಬಗಳನ್ನು ಕಚೇರಿಯ ಬೆಂಚುಗಳ ಮೇಲೆ, ನೆಲದ ಮೇಲೆ ರಾತ್ರಿ ಮಲಗಿಸಿದ್ದಕ್ಕೆ 1992ರಲ್ಲಿ ನಗರದ ಹಿರಿಯ ಅಧಿಕಾರಿಗಳು ನ್ಯಾಯಾಂಗ ನಿಂದನೆಗೂ ಗುರಿಯಾದರು. ಈಗಿನ ಗಾಜಿನ ಕಟ್ಟಡ 2011ರಲ್ಲಿ ಬಂತು. ಲಾಸ್ ಏಂಜಲೀಸ್‌ನಂಥ ಊರುಗಳಲ್ಲಿ ಈ ಹಕ್ಕಿಲ್ಲ. ಅಲ್ಲಿ ತಾಯಂದಿರು ಮಕ್ಕಳನ್ನು ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಸುತ್ತಾರೆ. 2022ರಿಂದ ಎರಡು ಲಕ್ಷಕ್ಕೂ ಹೆಚ್ಚು ವಲಸಿಗರು ನ್ಯೂಯಾರ್ಕಿಗೆ ಬಂದಾಗ ಈ ಹಕ್ಕನ್ನೇ ಸಡಿಲಿಸಲು ನಗರಾಡಳಿತ ಕೋರ್ಟಿಗೆ ಹೋಯಿತು.

ಹಕ್ಕು ಸಿಕ್ಕಿದ ಮೇಲೆ ಏನಾಗುತ್ತದೆ? ಬ್ರಾಂಕ್ಸ್‌ನ ಕುಟುಂಬಕ್ಕೆ ಬ್ರೂಕ್ಲಿನ್‌ನ ತುದಿಯಲ್ಲಿ ಕೋಣೆ ಸಿಗಬಹುದು. ಅಲ್ಲಿ ಬರುವಾಗ ಹೋಗುವಾಗ ಸಹಿ, ರಾತ್ರಿ ಇಂತಿಷ್ಟು ಗಂಟೆಯೊಳಗೆ ಒಳಗಿರಬೇಕು, ನೆಂಟರನ್ನು ಕೋಣೆಗೆ ಕರೆಯುವಂತಿಲ್ಲ. ಒಂದು ಕುಟುಂಬ ಇಂಥ ಕಡೆ ಸರಾಸರಿ ಒಂದು ವರ್ಷಕ್ಕೂ ಹೆಚ್ಚು ಕಾಲ ಕಳೆಯುತ್ತದೆ. 1987ರ ಮೆಕಿನ್ನಿ-ವೆಂಟೋ ಕಾನೂನಿನಂತೆ ಮಗು ಮೊದಲಿನ ಶಾಲೆಯಲ್ಲೇ ಓದಬಹುದು, ಬಸ್ಸನ್ನೂ ಕೊಡಬೇಕು. ಆದರೆ ಐದೂವರೆಗೆ ಎದ್ದು ಒಂದೂವರೆ ಗಂಟೆ ಬಸ್ಸಿನಲ್ಲಿ ತೂಕಡಿಸಿ ಬಂದ ಏಳು ವರ್ಷದ ಮಗು ಎಷ್ಟು ದಿನ ಬಂದೀತು? ಶೆಲ್ಟರ್‌ನಲ್ಲಿರುವ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಹತ್ತು ಶಾಲಾದಿನಕ್ಕೆ ಒಂದಾದರೂ ತಪ್ಪಿಸುವವರು. ಮಗುವನ್ನು ಬಿಟ್ಟು ಬರಲು ತಡವಾದರೆ ತಾಯಿಯ ಕೆಲಸಕ್ಕೂ ಸಂಚಕಾರ. ಮನೆ ಹೋಗಲು ಕಾರಣವಾದ ಆ ಬಡ ಸಂಬಳ, ಮನೆ ಹೋದ ಮೇಲೆ ಅದೂ ಹೋಗುತ್ತದೆ.

ಎಣಿಕೆಯಲ್ಲೂ ಒಂದು ಕಣ್ಣುಕಟ್ಟಿದೆ. 2024ರ ಜನವರಿಯ ಒಂದು ರಾತ್ರಿ ಕೇಂದ್ರದ ವಸತಿ ಇಲಾಖೆ ದೇಶದಾದ್ಯಂತ ಎಣಿಸಿದಾಗ ಸಿಕ್ಕ ಮನೆಯಿಲ್ಲದವರು 7.71 ಲಕ್ಷ, ಅದರಲ್ಲಿ ಮಕ್ಕಳು ಒಂದೂವರೆ ಲಕ್ಷದ ಹತ್ತಿರ, ಹಿಂದಿನ ವರ್ಷಕ್ಕಿಂತ ಮೂರನೇ ಒಂದು ಪಾಲು ಜಾಸ್ತಿ. ಆದರೆ ನೆಂಟರ ಸೋಫಾದ ಮೇಲೆ ಮಲಗಿದ ಮಕ್ಕಳು ಈ ಲೆಕ್ಕಕ್ಕೆ ಬರುವುದಿಲ್ಲ. ಶಾಲೆಗಳು ಅವರನ್ನೂ ಎಣಿಸುತ್ತವೆ. ಹಾಗಾಗಿ ನ್ಯೂಯಾರ್ಕ್ ನಗರವೊಂದರಲ್ಲೇ 2023-24ರ ಶಾಲಾ ವರ್ಷದಲ್ಲಿ ಸುಮಾರು 1.46 ಲಕ್ಷ ವಿದ್ಯಾರ್ಥಿಗಳು ಒಂದಲ್ಲ ಒಂದು ಹೊತ್ತಿನಲ್ಲಿ ಮನೆಯಿಲ್ಲದವರು. ಸರ್ಕಾರಿ ಶಾಲೆಯ ಎಂಟು ಮಕ್ಕಳಲ್ಲಿ ಒಬ್ಬರು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಸೋಫಾದ ಮಕ್ಕಳೇ.

ಪರಿಹಾರ ಏನೆಂದು ಅಮೆರಿಕ ಸರ್ಕಾರವೇ ಪರೀಕ್ಷೆ ಮಾಡಿ ನೋಡಿದೆ. 2010ರಲ್ಲಿ ಶುರುವಾದ ಅಧ್ಯಯನದಲ್ಲಿ ಹನ್ನೆರಡು ಊರುಗಳ 2,282 ಕುಟುಂಬಗಳನ್ನು ಗುಂಪು ಮಾಡಿ ಬೇರೆ ಬೇರೆ ನೆರವು ಕೊಟ್ಟರು. ದೀರ್ಘಾವಧಿಯ ಬಾಡಿಗೆ ವೋಚರ್ (ಬಾಡಿಗೆಯ ಬಹುಪಾಲನ್ನು ಸರ್ಕಾರ ತುಂಬುವ ಚೀಟಿ) ಪಡೆದವರಲ್ಲಿ ಮತ್ತೆ ಮನೆ ಕಳೆದುಕೊಂಡವರ ಪ್ರಮಾಣ, ಮಾಮೂಲಿ ನೆರವು ಪಡೆದವರಿಗೆ ಹೋಲಿಸಿದರೆ, ಅರ್ಧಕ್ಕಿಂತ ಕೆಳಗಿಳಿಯಿತು. ಮಕ್ಕಳು ಶಾಲೆ ಬದಲಾಯಿಸುವುದು, ತಾಯಿಯಿಂದ ಬೇರಾಗುವುದು, ಮನೆಯೊಳಗಿನ ಹೊಡೆತ ಬಡಿತ ಎಲ್ಲ ಕಡಿಮೆಯಾಯಿತು.

ನ್ಯೂಯಾರ್ಕ್‌ನಲ್ಲಿ ನಗರದ್ದೇ ಬಾಡಿಗೆ ವೋಚರ್ ಇದೆ. ಆದರೆ ಅದನ್ನು ಪಡೆಯಲು ಬಹುತೇಕರು ಮೊದಲು ಶೆಲ್ಟರ್‌ಗೆ ಸೇರಬೇಕಿತ್ತು. ಅಂದರೆ ಕೋರ್ಟಿನಿಂದ ಪಾತ್‌ವರೆಗೆ ಈ ಮೈಲಿ ನಡೆದೇ ತೀರಬೇಕಿತ್ತು. ಮನೆ ಖಾಲಿ ಮಾಡುವ ಭೀತಿಯಲ್ಲಿರುವವರಿಗೂ ನೇರವಾಗಿ ವೋಚರ್ ಸಿಗಲಿ ಎಂದು ನಗರ ಸಭೆ 2023ರಲ್ಲಿ ಕಾನೂನು ಮಾಡಿತು. ಆಗಿನ ಮೇಯರ್ ಎರಿಕ್ ಆಡಮ್ಸ್ ತಡೆಹಿಡಿದರು, ಸಭೆ ಆ ತಡೆಯನ್ನೂ ಮೀರಿ ಅಂಗೀಕರಿಸಿತು, ಖರ್ಚು ಹೆಚ್ಚೆಂದು ಹೇಳಿ ಮೇಯರ್ ಜಾರಿ ಮಾಡಲಿಲ್ಲ, ವ್ಯಾಜ್ಯ ಕೋರ್ಟು ಹತ್ತಿತು. ಒಂದು ಕುಟುಂಬವನ್ನು ಶೆಲ್ಟರ್‌ನಲ್ಲಿಡಲು ನಗರಕ್ಕೆ ದಿನಕ್ಕೆ 180 ಡಾಲರ್‌ಗೂ ಮೇಲೆ ಬೀಳುತ್ತದೆ, ತಿಂಗಳಿಗೆ 5,400ಕ್ಕೂ ಹೆಚ್ಚು. ಎರಡು ಮಲಗುವ ಕೋಣೆಯ ಮನೆಗೆ ವೋಚರ್ ಕೊಡುವುದು ಮೂರು ಸಾವಿರದ ಆಸುಪಾಸು. ಮೊದಲನೆಯದನ್ನು ತಕರಾರಿಲ್ಲದೆ ಕಟ್ಟುತ್ತ ಎರಡನೆಯದನ್ನು ದುಬಾರಿ ಎಂದ ಆ ಆಡಳಿತಕ್ಕೆ ಹಣದ ಕೊರತೆಯಿತ್ತು ಎಂದರೆ ನಾನಂತೂ ನಂಬುವುದಿಲ್ಲ.