ತುಂಬಿದ ಕೊಡ ತುಳುಕದು

ನಾವು ಮೂಡಲಗಿಯಲ್ಲಿ ಬಾಲ್ಯವನ್ನು ಕಳೆದ 1990ರ ದಶಕದ ಕೊನೆಯ ದಿನಗಳಲ್ಲಿ, ಸೀಮೆಎಣ್ಣೆಯ ಟ್ಯಾಂಕರು ಊರಿಗೆ ಬಂದಿತೆಂದರೆ ಮಕ್ಕಳಿಗೆಲ್ಲ ಹಬ್ಬವಾಗಿದ್ದಿತು. ನಮ್ಮ ಕಡೆ ಅದಕ್ಕೆ ಚಿಮಣಿ ಎಣ್ಣೆಯೆಂದೇ ಹೆಸರು. ಹೆಂಗಸರು ಡಬ್ಬಿಗಳನ್ನು ಸಾಲಾಗಿ ಇಟ್ಟು ಪಡಿತರ ಚೀಟಿ ಹಿಡಿದು ಕುಳಿತಿರುತ್ತಿದ್ದರು. ನಾವು ಹುಡುಗರು ಮಾತ್ರ ಟ್ಯಾಂಕಿನ ಹೊಟ್ಟೆಯನ್ನು ಬೆರಳ ಗೆಣ್ಣಿನಿಂದ ಮೇಲಿನಿಂದ ಕೆಳಕ್ಕೆ ಬಡಿಯುತ್ತ ಹೋಗುತ್ತಿದ್ದೆವು. ಮೇಲೆ 'ಠಣ್' ಎನ್ನುತ್ತಿದ್ದ ತಗಡು ಒಂದೆಡೆ ಬಂದೊಡನೆ 'ಧಪ್' ಎನ್ನುತ್ತಿದ್ದಿತು. ಎಣ್ಣೆಯ ಮಟ್ಟ ಅದೇ ಎಂದು ಪಂದ್ಯ ಕಟ್ಟಿ ಗೆಲ್ಲುತ್ತಿದ್ದೆವು.

ಈ ಆಟಕ್ಕೆ ದೊಡ್ಡ ವಂಶಾವಳಿಯಿದೆಯೆಂದು ಆಗ ನಮಗೆ ತಿಳಿದಿರಲಿಲ್ಲ. ಆಸ್ಟ್ರಿಯಾದ ವೈದ್ಯ ಲಿಯೋಪೋಲ್ಡ್ ಔಯೆನ್‌ಬ್ರುಗರ್ ಎಂಬವನು ಪಾನಗೃಹದ ಯಜಮಾನನೊಬ್ಬನ ಮಗ. ಪೀಪಾಯಿಯನ್ನು ತಟ್ಟಿ ಮದ್ಯದ ಮಟ್ಟವನ್ನು ತಿಳಿಯುವ ಬಗೆ ಅವನಿಗೆ ಪರಿಚಿತವಾಗಿದ್ದಿತು. ರೋಗಿಯ ಎದೆಯನ್ನೂ ಹಾಗೆಯೇ ತಟ್ಟಿ, ಒಳಗೆ ನೀರು ತುಂಬಿದೆಯೇ ಎಂದು ತಿಳಿಯುವ ವಿಧಾನವನ್ನು ಅವನು 1761ರಲ್ಲಿ ಪ್ರಕಟಿಸಿದನು. ಇಂದಿಗೂ ವೈದ್ಯರು ಬೆನ್ನು ತಟ್ಟಿ ನೋಡುವುದು ಅದೇ ವಿದ್ಯೆಯಿಂದ.

ಹಳೆಯ ಟ್ಯಾಂಕರುಗಳ ನೆನಪು ಕೇವಲ ನಮ್ಮೊಬ್ಬರ ಹುಚ್ಚಲ್ಲ. ಬ್ರಿಟನ್ನಿನಲ್ಲಿ ಹಳೆಯ ಲಾರಿಗಳನ್ನು ರಿಪೇರಿ ಮಾಡಿ, ಬಣ್ಣ ಬಳಿದು, ಜಾತ್ರೆಯಂತೆ ಸೇರಿಸಿ ಮೆರೆಸುವವರಿದ್ದಾರೆ. ಅಲ್ಲಿ ಭಾರಿ ಲಾರಿಗಳಿಗೆ 1957ರವರೆಗೆ ಗಂಟೆಗೆ 20 ಮೈಲಿಯ ವೇಗಮಿತಿ ಇದ್ದಿತು. ಆ ನಿಧಾನಗತಿಯ ದಿನಗಳನ್ನು ಮುದುಕ ಚಾಲಕರು ಪ್ರೀತಿಯಿಂದ ನೆನೆಯುತ್ತಾರೆ. ನೆನೆಯುವುದು ತಪ್ಪಲ್ಲ. ಆದರೆ ಆ ದಿನಗಳಿಂದ ಉಳಿಸಿಕೊಳ್ಳಬೇಕಾದದ್ದು ಯಾವುದು, ಬಿಡಬೇಕಾದದ್ದು ಯಾವುದು ಎಂಬುದನ್ನು ವಿಜ್ಞಾನದ ವಿದ್ಯಾರ್ಥಿಯು ಬೇರ್ಪಡಿಸಿ ನೋಡಬೇಕು.

ಡಬ್ಬಿಯಿಂದ ಟ್ಯಾಂಕಿಗೆ

ಒಂದು ಕಾಲದಲ್ಲಿ ಸೀಮೆಎಣ್ಣೆ ನಮ್ಮ ನಾಡಿಗೆ ಬರುತ್ತಿದ್ದುದು ನಾಲ್ಕು ಗ್ಯಾಲನ್ನಿನ, ಎಂದರೆ ಸುಮಾರು 18 ಲೀಟರಿನ ಚೌಕು ಡಬ್ಬಿಗಳಲ್ಲಿ. ಚೌಕವನ್ನು ಒಂದರ ಮಗ್ಗುಲಲ್ಲಿ ಒಂದಿಟ್ಟರೆ ನಡುವೆ ಜಾಗ ವ್ಯರ್ಥವಾಗುವುದಿಲ್ಲ. ಎಣ್ಣೆ ಮುಗಿದ ಮೇಲೆ ಆ ಡಬ್ಬಿಯೇ ನೀರು ಹೊರಲು, ಜೋಳ ತುಂಬಲು ಉಪಯೋಗಕ್ಕೆ ಬರುತ್ತಿದ್ದಿತು. ಮೀರಜ–ಲೋಂಡಾ ರೈಲುದಾರಿ ಘಟಪ್ರಭೆಯವರೆಗೆ ಬಂದರೂ ಗೋಕಾಕ, ಮೂಡಲಗಿ, ಹುಕ್ಕೇರಿ ಪಟ್ಟಣಗಳನ್ನು ಬದಿಗಿಟ್ಟೇ ಹಾಯುತ್ತದೆ. ಆದುದರಿಂದ ಕೊನೆಯ ಹರದಾರಿಗಳು ಎಂದಿಗೂ ರಸ್ತೆಯವೇ; ಮೊದಲು ಎತ್ತಿನ ಗಾಡಿ, ಬಳಿಕ ಲಾರಿ.

ಸ್ವಾತಂತ್ರ್ಯಾನಂತರ ಲಾರಿಗಳು ನಮ್ಮ ದೇಶದಲ್ಲಿಯೇ ತಯಾರಾಗತೊಡಗಿದವು. 1954ರಿಂದ ಟಾಟಾ–ಮರ್ಸಿಡಿಸ್, 1955ರಲ್ಲಿ ಆ ಹೆಸರನ್ನು ತಳೆದ ಅಶೋಕ ಲೇಲ್ಯಾಂಡ್ ಕಂಪನಿಯ 'ಕಾಮೆಟ್' ಇವು ಅಂದಿನ ಪ್ರಸಿದ್ಧ ಗಾಡಿಗಳು. ಕಾಮೆಟ್ ಹುಟ್ಟಿದ್ದು ಬ್ರಿಟನ್ನಿನ ಲೇಲ್ಯಾಂಡ್ ಕಾರ್ಖಾನೆಯಲ್ಲಿ. ಆದ್ದರಿಂದ ಅಲ್ಲಿಯ ಮುದುಕ ಚಾಲಕ ಹಂಬಲಿಸುವ ಎಂಜಿನಿನ ಸದ್ದೂ ನಮ್ಮ ಹಿರಿಯರು ಹಂಬಲಿಸುವ ಸದ್ದೂ ಹೆಚ್ಚುಕಡಿಮೆ ಒಂದೇ. ಬರ್ಮಾ ಶೆಲ್ ಎಂಬ ಹೆಸರನ್ನು ಹೊತ್ತ ಟ್ಯಾಂಕರುಗಳು 1976ರಲ್ಲಿ ಆ ಕಂಪನಿಯ ರಾಷ್ಟ್ರೀಕರಣವಾದ ಮೇಲೆ ಮರೆಯಾದವು.

ಟ್ಯಾಂಕು ಚೌಕಾಗಿರದೆ ಉರುಟಾಗಿರುವುದೇಕೆ? ಒಳಗಿನ ದ್ರವ ಗೋಡೆಗಳನ್ನು ಹೊರಕ್ಕೆ ಒತ್ತುತ್ತದೆ. ಚಪ್ಪಟೆಯಾದ ಗೋಡೆ ಉಬ್ಬುತ್ತದೆ, ಮೂಲೆಯ ಬೆಸುಗೆ ಬಿರಿಯುತ್ತದೆ. ಬಾಗಿದ ಗೋಡೆಯಾದರೋ ಒತ್ತಡವನ್ನು ಎಲ್ಲೆಡೆಗೂ ಹಂಚುತ್ತದೆ. ಅನೇಕ ಟ್ಯಾಂಕುಗಳು ಪೂರ್ಣ ವೃತ್ತವಾಗಿರದೆ ಅಡ್ಡಡ್ಡ ದೀರ್ಘವೃತ್ತವಾಗಿರುವುದಕ್ಕೂ ಕಾರಣವಿದೆ. 2.2 ಮೀಟರು ಅಗಲ, 1.5 ಮೀಟರು ಎತ್ತರದ ದೀರ್ಘವೃತ್ತದಲ್ಲಿ ಹಿಡಿಯುವಷ್ಟೇ ದ್ರವವನ್ನು ವೃತ್ತದಲ್ಲಿ ಹಿಡಿಸಬೇಕಾದರೆ ಸುಮಾರು 1.8 ಮೀಟರು ವ್ಯಾಸ ಬೇಕು. ದೀರ್ಘವೃತ್ತದಿಂದ ಗುರುತ್ವಕೇಂದ್ರವು ಸುಮಾರು 16 ಸೆಂಟಿಮೀಟರು ಕೆಳಗಿಳಿಯುತ್ತದೆ. ತಿರುವುಗಳಲ್ಲಿ ಆ ಒಂದು ಗೇಣೇ ಜೀವವನ್ನು ಕಾಯುತ್ತದೆ.

ನಿಂತ ಮೇಲೂ ನಿಲ್ಲದ ಹೊರೆ

ಹುಕ್ಕೇರಿಯಲ್ಲಿ ನಮ್ಮ ಪರಿಚಯದ ಹಿರಿಯರೊಬ್ಬರಿದ್ದಾರೆ. ಮೂವತ್ತು ವರ್ಷಕ್ಕೂ ಮಿಗಿಲಾಗಿ ಟ್ಯಾಂಕರು ನಡೆಸಿದವರು. ಕಾಲೇಜಿನಲ್ಲಿ ದ್ರವಚಲನೆಯ ಪಾಠ ಮಾಡಬೇಕಾದಾಗಲೆಲ್ಲ ನಮಗೆ ಅವರ ನೆನಪಾಗುತ್ತದೆ. ಕಳೆದ ಬೇಸಿಗೆಯಲ್ಲಿ ಅವರ ಮನೆಯ ಕಟ್ಟೆಯ ಮೇಲೆ ಕುಳಿತು, "ಕಾಕಾ, ಯಾವ ಹೊರೆ ಒಯ್ಯುವುದು ಕಠಿಣ?" ಎಂದು ಕೇಳಿದೆವು. ಪೆಟ್ರೋಲು ಎನ್ನಬಹುದೆಂದು ನಾವು ಎಣಿಸಿದ್ದೆವು.

"ಅರ್ಧಾ ತುಂಬಿದ್ದು, ಸರ" ಎಂದರು ಅವರು. "ಅರ್ಧಾ ತುಂಬಿದ ಟ್ಯಾಂಕಿ ಅಂದ್ರ ಕುಡದ ಮನಶ್ಯಾ ಇದ್ದಂಗ. ಗಾಡಿ ನಿಂತರೂ ಅದು ನಿಂದರೂದಿಲ್ಲ. ಹಿಂದಿಂದ ಧಕ್ಕಾ ಕೊಡತೈತಿ. ಅದಕ್ಕ ಗಾಡಿ ನಿಂತ ಮ್ಯಾಲೂ ಬ್ರೇಕ್ ಮ್ಯಾಲಿನ ಕಾಲು ತಗೀಬಾರದು."

ಈ ಮಾತನ್ನು ಲೆಕ್ಕದಿಂದ ಪರೀಕ್ಷಿಸೋಣ. ಆಳಕ್ಕಿಂತ ಬಹಳ ಉದ್ದವಾದ ಅಲೆಯ ವೇಗವನ್ನು ತಿಳಿಯಲು, ಗುರುತ್ವದ ವೇಗೋತ್ಕರ್ಷವನ್ನು ಆಳದಿಂದ ಗುಣಿಸಿ ವರ್ಗಮೂಲ ತೆಗೆದರೆ ಸಾಕು. 6 ಮೀಟರು ಉದ್ದದ ಟ್ಯಾಂಕಿನಲ್ಲಿ 0.8 ಮೀಟರು ಆಳಕ್ಕೆ ಹಾಲಿದೆಯೆನ್ನಿ. 9.8 ಗುಣಿಸು 0.8 ಎಂದರೆ 7.84, ಅದರ ವರ್ಗಮೂಲ 2.8. ಅಲೆಯು ಸೆಕೆಂಡಿಗೆ 2.8 ಮೀಟರಿನಂತೆ ಓಡಿ, ಒಂದು ತುದಿಯಿಂದ ಇನ್ನೊಂದನ್ನು ಸುಮಾರು ಎರಡು ಸೆಕೆಂಡುಗಳಲ್ಲಿ ಮುಟ್ಟುತ್ತದೆ. 10,000 ಲೀಟರಿನ ಟ್ಯಾಂಕು ಅರ್ಧ ತುಂಬಿದ್ದರೆ ಹಾಲಿನ ತೂಕ ಐದು ಟನ್ನಿಗೂ ಮೀರುತ್ತದೆ. ಚಾಲಕನು ಗಾಡಿಯನ್ನು ನಿಲ್ಲಿಸಿ ಉಸಿರು ಬಿಡುವಷ್ಟರಲ್ಲಿ, ಆ ಹೊರೆಯ ಬಹುಪಾಲು ಜಡತ್ವದ ಬಲದಿಂದ ಮುಂದಿನ ಗೋಡೆಗೆ ಅಪ್ಪಳಿಸುತ್ತದೆ. ಕಾಕಾ ಹೇಳಿದ ಧಕ್ಕೆ ಇದೇ. ತುಂಬಿದ ಟ್ಯಾಂಕಿನಲ್ಲಾದರೋ ದ್ರವಕ್ಕೆ ಓಡಲು ತೆರಪಿಲ್ಲ. ಅದು ಗಟ್ಟಿ ಹೊರೆಯಂತೆಯೇ ವರ್ತಿಸುತ್ತದೆ. ತುಂಬಿದ ಕೊಡ ತುಳುಕದು ಎಂಬ ಗಾದೆಯನ್ನು ನಾವು ಸಜ್ಜನರ ಗಾಂಭೀರ್ಯಕ್ಕೆ ಅನ್ವಯಿಸುತ್ತೇವೆ. ಅದು ದ್ರವಚಲನೆಯ ನಿಯಮವೂ ಹೌದು.

ಕೊಡದೊಳಗಿನ ಎಲೆ

ದೂರದ ಬಾವಿಯಿಂದ ನೀರು ತರುವ ಹೆಂಗಸರು ಕೊಡದ ಬಾಯಿಗೆ ಒಂದು ಹಿಡಿ ಎಲೆಯನ್ನು ಹಾಕಿಕೊಳ್ಳುವುದನ್ನು ಹಿರಿಯರು ಕಂಡಿದ್ದಾರೆ. ತೇಲುವ ಎಲೆಗಳು ನೀರಿನ ಮೇಲ್ಮೈಯ ಚಲನೆಗೆ ಅಡ್ಡಬಂದು, ಅಲೆಯ ಶಕ್ತಿಯನ್ನು ಸಣ್ಣ ಸಣ್ಣ ಸುಳಿಗಳಲ್ಲಿ ಕರಗಿಸುತ್ತವೆ. ಪೆಟ್ರೋಲಿನ ಟ್ಯಾಂಕರನ್ನು ಕಟ್ಟುವ ಎಂಜಿನಿಯರನು ಮಾಡುವುದೂ ಇದನ್ನೇ. ಟ್ಯಾಂಕನ್ನು ಹಲವು ಖಾನೆಗಳಾಗಿ ವಿಭಾಗಿಸುತ್ತಾನೆ, ಇಲ್ಲವೆ ತೂತುಳ್ಳ ಅಡ್ಡಗೋಡೆಗಳನ್ನು ಕೂರಿಸುತ್ತಾನೆ. 6 ಮೀಟರು ಓಡುತ್ತಿದ್ದ ಅಲೆಗೆ ಈಗ ಎರಡೇ ಮೀಟರಿನ ಬಯಲು.

ಹಾಲಿನ ಟ್ಯಾಂಕರಿಗೆ ಮಾತ್ರ ಈ ಅನುಕೂಲ ಬಹುಮಟ್ಟಿಗೆ ಇಲ್ಲ. ಅಡ್ಡಗೋಡೆಯಿದ್ದಲ್ಲಿ ಮೂಲೆಯುಂಟು, ಮೂಲೆಯಿದ್ದಲ್ಲಿ ಹಾಲು ಅಂಟಿ ಹುಳಿಯುವ ಭಯವುಂಟು. ತೊಳೆಯಲು ಸುಲಭವಾಗಲೆಂದು ಒಳಗೋಡೆಯನ್ನು ನುಣುಪಾಗಿಯೇ ಬಿಡುತ್ತಾರೆ. ಆದುದರಿಂದ ಹಾಲಿನ ಟ್ಯಾಂಕರು ತುಂಬಿ ಹೋಗಬೇಕು, ಇಲ್ಲವೆ ಬರಿದಾಗಿ ಹೋಗಬೇಕು.

ಇದಲ್ಲದೆ, ಅಡ್ಡಗೋಡೆಗಳು ಹಿಂದುಮುಂದಿನ ಓಟವನ್ನು ತಡೆಯುತ್ತವೆಯೇ ಹೊರತು ಎಡಬಲದ ಹೊರಳನ್ನಲ್ಲ. ಲಾರಿ ತಿರುವಿನಲ್ಲಿ ಹೊರಳಿದಾಗ ದ್ರವದ ಮೇಲ್ಮೈ ಹೊರಬದಿಗೆ ಏರಿ ಓರೆಯಾಗುತ್ತದೆ. 40 ಮೀಟರು ತ್ರಿಜ್ಯದ ತಿರುವಿನಲ್ಲಿ ಗಂಟೆಗೆ 36 ಕಿಲೋಮೀಟರು ವೇಗವಿದ್ದರೆ ಆ ಓರೆ ಸುಮಾರು 14 ಡಿಗ್ರಿ. ವೇಗವನ್ನು 54ಕ್ಕೆ ಏರಿಸಿದರೆ ಅದು 30 ಡಿಗ್ರಿಯಾಗುತ್ತದೆ. ವೇಗ ಒಂದೂವರೆ ಪಟ್ಟಾದರೆ ಓರೆ ಎರಡು ಪಟ್ಟಿಗೂ ಮಿಗಿಲು! ಗುರುತ್ವಕೇಂದ್ರವೇ ಪಕ್ಕಕ್ಕೆ ಸರಿದು, ಹೊರಗಿನ ಗಾಲಿಗಳ ಮೇಲೆ ಭಾರವನ್ನೆಲ್ಲ ಹೇರುತ್ತದೆ. ಅರ್ಧದಿಂದ ಮುಕ್ಕಾಲರಷ್ಟು ತುಂಬಿದಾಗ ಈ ಅಪಾಯ ಅತ್ಯಧಿಕ: ಸರಿಯಲು ತೆರಪೂ ಇದೆ, ಸರಿಯುವ ಹೊರೆಯೂ ಇದೆ.

ಇಷ್ಟನ್ನು ನಾವು ಕಾಗದದ ಮೇಲೆ ಬರೆದು ತೋರಿಸಿದಾಗ ಕಾಕಾ ಬಹಳ ಹೊತ್ತು ಮಾತನಾಡಲಿಲ್ಲ. ಬಳಿಕ ಹೇಳಿದರು. 1980ರ ದಶಕದ ಒಂದು ಬೇಸಿಗೆ. ಹಾಲು ಕಡಿಮೆಯಾದ ದಿನಗಳು. ಅರ್ಧ ತುಂಬಿದ ಟ್ಯಾಂಕನ್ನು ತೆಗೆದುಕೊಂಡು ಗೋಕಾಕದ ಕಡೆಯಿಂದ ಹೊರಟಿದ್ದರು. ಹೊತ್ತಾದರೆ ಹಾಲು ಕೆಡುತ್ತದೆಂಬ ಅವಸರ. ಒಂದು ತಿರುವಿನಲ್ಲಿ ಎತ್ತಿನ ಗಾಡಿ ಎದುರಾಯಿತು. ಅವರು ಒಮ್ಮೆಲೆ ಹೊರಳಿಸಿದರು. ಲಾರಿ ಹೊರಳಿ ಸರಿಯಾಯಿತು, ಹಾಲು ಸರಿಯಾಗಲಿಲ್ಲ. ಗಾಡಿ ಮಗ್ಗುಲಾಗಿ ಬಿದ್ದಿತು. ಕ್ಲೀನರ ಹುಡುಗ ಉಳಿಯಲಿಲ್ಲ. ಅವನಿಗೆ ಹತ್ತೊಂಬತ್ತು ವಯಸ್ಸು.

"ಈ ಲೆಕ್ಕಾ ಅವತ್ತ ಯಾರರ ಹೇಳಿದ್ದರ..." ಎಂದು ಮಾತನ್ನು ಅಲ್ಲಿಗೇ ನಿಲ್ಲಿಸಿ, ನಮ್ಮ ಕಾಗದವನ್ನು ಮಡಿಚಿ ಜೇಬಿನಲ್ಲಿಟ್ಟುಕೊಂಡರು.

ತೂಕ, ಬಿಸಿಲು, ಕಿಡಿ

ಎಲ್ಲ ಟ್ಯಾಂಕನ್ನೂ ತುಂಬಿಸಿಬಿಟ್ಟರೆ ತೊಂದರೆ ತೀರಿತೇ? ಇಲ್ಲ. ಸಂಕೇಶ್ವರದ ಹಿರಣ್ಯಕೇಶಿ, ಗೋಕಾಕ ಸೀಮೆಯ ಘಟಪ್ರಭಾ ಮೊದಲಾದ ಸಕ್ಕರೆ ಕಾರ್ಖಾನೆಗಳ ನಾಡು ನಮ್ಮದು. ಇಲ್ಲಿಯ ಕಾಕಂಬಿಯ ಸಾಂದ್ರತೆ ನೀರಿನ ಸುಮಾರು 1.4 ಪಟ್ಟು. 10,000 ಲೀಟರು ಡೀಸೆಲಿನ ತೂಕ ಎಂಟೂಕಾಲು ಟನ್ನಿನಷ್ಟಾದರೆ, ಅಷ್ಟೇ ಕಾಕಂಬಿ 14 ಟನ್ನು. ಡೀಸೆಲಿಗಾಗಿ ಕಟ್ಟಿದ ಟ್ಯಾಂಕಿನ ತುಂಬ ಕಾಕಂಬಿ ತುಂಬಿದರೆ ಅಚ್ಚು ಮುರಿದೀತು. ಅದೃಷ್ಟವಶಾತ್ ಕಾಕಂಬಿ ಬಹಳ ಮಂದ ದ್ರವ. ಅಲೆಯೇಳುವ ಮೊದಲೇ ಅದರ ಅಂಟುತನವು ಅಲೆಯನ್ನು ಅಡಗಿಸುತ್ತದೆ.

ಎರಡನೆಯ ತೊಡಕು ಬಿಸಿಲಿನದು. ಪೆಟ್ರೋಲು ಒಂದು ಡಿಗ್ರಿ ಸೆಲ್ಸಿಯಸ್ ಏರಿಕೆಗೆ ತನ್ನ ಘನಫಲದ ಹೆಚ್ಚುಕಡಿಮೆ ಸಾವಿರದಲ್ಲೊಂದು ಪಾಲು ಹಿಗ್ಗುತ್ತದೆ. ಬೆಳಗಿನ ತಂಪಿನಲ್ಲಿ ತುಂಬಿದ 12,000 ಲೀಟರು, 20 ಡಿಗ್ರಿ ಕಾದರೆ ಇನ್ನೂರು ಲೀಟರಿಗೂ ಹೆಚ್ಚು ಉಬ್ಬುತ್ತದೆ. ಅದಕ್ಕೆಂದೇ ಮೇಲ್ಗಡೆ ಸ್ವಲ್ಪ ತೆರಪು ಬಿಡಬೇಕು. ತೂಕ ಮತ್ತು ಅಳತೆ ಇಲಾಖೆಯವರು ಮುದ್ರೆ ಒತ್ತಿದ ಡಿಪ್ ರಾಡಿನ ಗುರುತು ಬಾಯಿಗಿಂತ ಕೆಳಗಿರುವುದು ಚಾಲಕನಿಗೆ ಮಾಡಿದ ಮೋಸವಲ್ಲ. 1978ರ ಜುಲೈ 11ರಂದು ಸ್ಪೇನ್ ದೇಶದಲ್ಲಿ, ಮಿತಿಮೀರಿ ತುಂಬಿದ್ದ ಪ್ರೊಪಿಲೀನ್ ಟ್ಯಾಂಕರೊಂದು ಪ್ರವಾಸಿಗಳ ಬಿಡಾರದ ಬಳಿ ಬಿರಿದು 200ಕ್ಕೂ ಹೆಚ್ಚು ಜನ ಸತ್ತರು. ಗಾದೆಗೆ ನಾವು ಒಂದು ತಿದ್ದುಪಡಿ ಸೇರಿಸಬೇಕು: ಕೊಡ ತುಂಬಿರಲಿ, ಆದರೆ ಬಾಯಿಮಟ್ಟ ಬೇಡ.

ಮೂರನೆಯದು ಕಿಡಿ. ಹಳೆಯ ಟ್ಯಾಂಕರಿನ ಹಿಂದೆ ನೆಲವನ್ನು ತಾಗುತ್ತ ಬರುತ್ತಿದ್ದ ಸರಪಳಿ ನಮ್ಮ ಬಾಲ್ಯದ ಇನ್ನೊಂದು ವಿಸ್ಮಯ. ಪೆಟ್ರೋಲು, ಸೀಮೆಎಣ್ಣೆಗಳು ವಿದ್ಯುತ್ತನ್ನು ಅಷ್ಟಾಗಿ ಹರಿಯಗೊಡುವುದಿಲ್ಲ. ಕೊಳವೆಯಲ್ಲಿ ಉಜ್ಜಿ ಹರಿಯುವಾಗ, ಟ್ಯಾಂಕಿನಲ್ಲಿ ತುಳುಕುವಾಗ ಅವುಗಳಲ್ಲಿ ಸ್ಥಿರ ವಿದ್ಯುತ್ತು ಸಂಗ್ರಹವಾಗುತ್ತದೆ. ಅದನ್ನು ನೆಲಕ್ಕಿಳಿಸಲೆಂದು ಸರಪಳಿ. ಆದರೆ ಒಣ ರಸ್ತೆಯ ಮೇಲೆ ನೆಗೆಯುತ್ತ ಬರುವ ಸರಪಳಿಯನ್ನು ಪೂರ್ಣವಾಗಿ ನಂಬಲಾಗದು. ಎಣ್ಣೆಯನ್ನು ಇಳಿಸುವ ಮೊದಲು ತಾಮ್ರದ ತಂತಿಯಿಂದ ಟ್ಯಾಂಕರನ್ನು ಭೂಮಿಗೆ ಜೋಡಿಸುವುದೇ ಈಗಿನ ಪದ್ಧತಿ, ಮತ್ತು ಅದೇ ಉತ್ತಮ.

ಟ್ಯಾಂಕರು ಮಗುಚಿತೆಂದರೆ ಬಿಂದಿಗೆ ಹಿಡಿದು ಓಡುವ ಜನರಿದ್ದಾರೆ. ಪೆಟ್ರೋಲಿನ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ. ಅದು ಮೇಲೇರಿ ಚದುರದೆ, ನೀರಿನಂತೆ ತಗ್ಗಿಗೆ ಹರಿದು ಜನರ ಕಾಲಡಿಯಲ್ಲಿ ಹೊಂಚುಹಾಕುತ್ತದೆ. ಪಾಕಿಸ್ತಾನದ ಬಹಾವಲಪುರದ ಬಳಿ 2017ರ ಜೂನ್ 25ರಂದು ಹೀಗೆ ಪೆಟ್ರೋಲು ತುಂಬಿಕೊಳ್ಳಲು ನೆರೆದ ಜನಸಮೂಹಕ್ಕೆ ಬೆಂಕಿ ತಗುಲಿ 200ಕ್ಕೂ ಮಿಕ್ಕಿ ಜನ ಬೆಂದುಹೋದರು. ಹೆದ್ದಾರಿಯ ಬದಿಯ ಹಳ್ಳಿಗಳಿಂದ ಕಾಲೇಜಿಗೆ ಬರುವ ನಮ್ಮ ವಿದ್ಯಾರ್ಥಿಗಳು ಈ ಒಂದು ಸಂಗತಿಯನ್ನು ತಮ್ಮ ಮನೆಗಳಲ್ಲಿ ಹೇಳಿದರೆ, ಭೌತಶಾಸ್ತ್ರ ಕಲಿತದ್ದು ಸಾರ್ಥಕ.

ಉಳಿಯಬೇಕಾದದ್ದು

ಅಡುಗೆಯ ಅನಿಲ, ವಿದ್ಯುತ್ತು ಮನೆಮನೆಗೆ ಬಂದುವು. ಮೂಡಲಗಿಗೆ ಚಿಮಣಿ ಎಣ್ಣೆಯ ಟ್ಯಾಂಕರಿನ ಹಬ್ಬ ಈಗಿಲ್ಲ. ಹಿಂದೆ ಹೊರಗಿನಿಂದ ಇಂಧನವನ್ನು ತರುತ್ತಿದ್ದ ದಾರಿಯಲ್ಲಿಯೇ ಈಗ ಕಬ್ಬಿನಿಂದಾದ ಎಥನಾಲಿನ ಟ್ಯಾಂಕರುಗಳು ಹೊರಕ್ಕೆ ಸಾಗುತ್ತವೆ. ಪೆಟ್ರೋಲಿಗೆ ಶೇಕಡಾ 20ರಷ್ಟು ಎಥನಾಲು ಬೆರೆಸುವ ಗುರಿಯನ್ನು ದೇಶವು 2025ರಲ್ಲಿ ಮುಟ್ಟಿತು. ದ್ರವ ಬದಲಾಗಿದೆ, ಅಲೆಯ ನಿಯಮ ಬದಲಾಗಿಲ್ಲ.

ಒಂದು ಪ್ರಯೋಗದೊಡನೆ ಮುಗಿಸುವೆವು. 40 ಸೆಂಟಿಮೀಟರು ಉದ್ದದ ಒಂದು ತಟ್ಟೆಯಲ್ಲಿ ಒಂದು ಸೆಂಟಿಮೀಟರು ಆಳಕ್ಕೆ ನೀರು ಹಾಕಿ, ಒಂದು ತುದಿಯನ್ನು ತುಸು ಎತ್ತಿ ಬಿಡಿ. ಅಲೆ ಆ ತುದಿ ಸೇರಲು ಸುಮಾರು 1.3 ಸೆಕೆಂಡು ಬೇಕು. ಆಳವನ್ನು ನಾಲ್ಕು ಸೆಂಟಿಮೀಟರಿಗೆ ಏರಿಸಿದರೆ ಅದರ ಅರ್ಧ ಸಾಕು. ಬಳಿಕ ನೀರಿನ ಮೇಲೆ ಒಂದು ಹಿಡಿ ಬೇವಿನ ಎಲೆ ಚೆಲ್ಲಿ ನೋಡಿ.

ಹಳೆಯ ಚಾಲಕರ ಕಾಲು ಬಲ್ಲ ವಿದ್ಯೆ ಉಳಿಯಬೇಕು. ಅದನ್ನು ಕಲಿಯಲು ಅವರು ತೆತ್ತ ಬೆಲೆಯನ್ನು ಇನ್ನಾರೂ ತೆರದಿರಲಿ. ಆ ಕಾಗದ ಇನ್ನೂ ಕಾಕಾ ಅವರ ಬಳಿಯಿದೆ. ಟ್ಯಾಂಕರು ಹತ್ತುವ ಹೊಸ ಹುಡುಗರು ಸಿಕ್ಕರೆ ಅದನ್ನು ಬಿಚ್ಚಿ ತೋರಿಸುತ್ತಾರಂತೆ.