ಎಷ್ಟನೆಯ ಸಾಲು, ಅಜ್ಜಿ?

ಸೆಕೆಯ ಊರಿನವರಿಗೆ ಸ್ವೆಟರ್ ಯಾಕೆ ಎಂದು ಯಾರಾದರೂ ಕೇಳಬಹುದು. ಪುತ್ತೂರು, ಸುಳ್ಯ, ಕಡಬದ ಕಡೆಯವರಿಗೆ ಉತ್ತರ ಗೊತ್ತು. ಚಂಪಾಷಷ್ಠಿಯ ಹೊತ್ತಿಗೆ ಕುಕ್ಕೆ ಸುಬ್ರಹ್ಮಣ್ಯದಲ್ಲಿ ಬೆಳಗಿನ ಜಾವ ಚಳಿ ಶುರುವಾಗಿರುತ್ತದೆ. ಸುಳ್ಯದಿಂದ ಸಂಪಾಜೆ ದಾಟಿ ಘಾಟಿ ಏರಿದರೆ ಮಡಿಕೇರಿಯ ಚಳಿ. ಮನೆಯಲ್ಲಿ ಹಸುಗೂಸಿದ್ದರಂತೂ ಟೊಪ್ಪಿ, ಕಾಲುಚೀಲ ಬೇಕೇ ಬೇಕು. ಹಾಗಾಗಿ ಅಡಿಕೆ ತೋಟದ ನಡುವಿನ ಮನೆಗಳಲ್ಲೂ ಉಲ್ಲನ್ ಉಂಡೆ ಮತ್ತು ಎರಡು ಕಡ್ಡಿ ಹಿಡಿದು ಕೂರುವ ಅಜ್ಜಿಯರಿದ್ದಾರೆ.

ಅವರು ಹೆಣೆಯುವಾಗ ಮಾತನಾಡಿಸಿ ನೋಡಿ. ತುಟಿ ಅಲುಗುತ್ತಿರುತ್ತದೆ, ಉತ್ತರ ಮಾತ್ರ ಬರುವುದಿಲ್ಲ. ಅವರು ಲೆಕ್ಕದಲ್ಲಿರುತ್ತಾರೆ. ಲೆಕ್ಕ ತಪ್ಪಿದರೆ ಒಂದು ತೋಳು ಉದ್ದ, ಇನ್ನೊಂದು ಗಿಡ್ಡ!

ಎರಡೇ ಹೊಲಿಗೆ

ಮಕ್ಕಳೇ, ಹೆಣಿಗೆಯಲ್ಲಿ ಮೂಲ ಹೊಲಿಗೆ ಎರಡೇ: ಸೀದಾ ಮತ್ತು ಉಲ್ಟಾ. ಸೀದಾ ಹಾಕಿದ ಕುಣಿಕೆ ಇಂಗ್ಲಿಷಿನ ‘ವಿ’ ಅಕ್ಷರದಂತೆ ಕಾಣುತ್ತದೆ. ಉಲ್ಟಾ ಹಾಕಿದ್ದು ಅಡ್ಡ ಗಂಟಿನಂತೆ ಉಬ್ಬಿರುತ್ತದೆ. ನಿಜವಾಗಿ ಎರಡೂ ಒಂದೇ. ಸೀದಾ ಹೊಲಿಗೆಯ ಬೆನ್ನೇ ಉಲ್ಟಾ.

ಇವೆರಡನ್ನೇ ಬೇರೆ ಬೇರೆ ಕ್ರಮದಲ್ಲಿ ಜೋಡಿಸಿದರೆ ಪಟ್ಟೆ, ಚೌಕ, ಹಗ್ಗ ಎಲ್ಲವೂ ಮೂಡುತ್ತವೆ. ಹಗ್ಗದ ವಿನ್ಯಾಸ ನೋಡಲು ಕಷ್ಟದ್ದು, ಮಾಡಲು ಸುಲಭ. ಆರು ಕುಣಿಕೆಗಳಲ್ಲಿ ಮೊದಲ ಮೂರನ್ನು ಇನ್ನೊಂದು ಪುಟ್ಟ ಕಡ್ಡಿಗೆ ದಾಟಿಸಿ ಮುಂದಕ್ಕೆ ಹಿಡಿಯುವುದು, ಮುಂದಿನ ಮೂರನ್ನು ಹೆಣೆಯುವುದು, ಆಮೇಲೆ ಕಾದಿರುವ ಮೂರನ್ನು ಹೆಣೆಯುವುದು. ಹಗ್ಗಕ್ಕೆ ಒಂದು ಸುತ್ತು ಬಿತ್ತು. ಎಷ್ಟು ಸಾಲಿಗೊಮ್ಮೆ ಸುತ್ತು ಹಾಕಬೇಕು ಎಂಬುದನ್ನು ನೆನಪಿಡುವುದೇ ಕಷ್ಟದ ಕೆಲಸ.

ಆರು ಮತ್ತು ಎಂಟರ ಜಗಳ

ಹತ್ತು ವರ್ಷದ ಮಗುವಿನ ಸ್ವೆಟರಿನ ತೋಳನ್ನು ತೆಗೆದುಕೊಳ್ಳೋಣ. ಮೊದಲು ಒಂದು ತುಂಡು ಹೆಣೆದು ಅಳೆದೆವು. 10 ಸೆಂ.ಮೀ. ಅಗಲಕ್ಕೆ 22 ಕುಣಿಕೆ, 10 ಸೆಂ.ಮೀ. ಎತ್ತರಕ್ಕೆ 28 ಸಾಲು ಬಂತು ಅನ್ನಿ. ಮಣಿಕಟ್ಟಿನ ಪಟ್ಟಿ ಮುಗಿದಾಗ ಕಡ್ಡಿಯ ಮೇಲೆ 44 ಕುಣಿಕೆ. ತೋಳಿನ ಮೇಲ್ಭಾಗಕ್ಕೆ 68 ಬೇಕು. ಆರು ಸಾಲಿಗೊಮ್ಮೆ ಎರಡೂ ಅಂಚಿನಲ್ಲಿ ಒಂದೊಂದು ಹೆಚ್ಚಿಸಬೇಕು. ಅಂದರೆ 12 ಸಲ, 72 ಸಾಲು. ಉದ್ದ ಸುಮಾರು 26 ಸೆಂ.ಮೀ.

ಇಷ್ಟೇ ಆಗಿದ್ದರೆ ತೊಂದರೆ ಇರಲಿಲ್ಲ. ‘ಅದೇ ಸಮಯದಲ್ಲಿ ಎಂಟು ಸಾಲಿಗೊಮ್ಮೆ ಹಗ್ಗ ಸುತ್ತಿ’ ಎಂದು ಇನ್ನೊಂದು ಸೂಚನೆ ಇರುತ್ತದೆ. ಈ ‘ಅದೇ ಸಮಯದಲ್ಲಿ’ ಎಂಬ ಎರಡು ಪದಕ್ಕೆ ಎಂಥ ಪಳಗಿದ ಕೈಯೂ ತಬ್ಬಿಬ್ಬಾಗುತ್ತದೆ.

ಶಾಲೆಯ ಲ.ಸಾ.ಅ. ಇಲ್ಲಿ ಕೆಲಸಕ್ಕೆ ಬರುತ್ತದೆ. 6 ಮತ್ತು 8ರ ಲ.ಸಾ.ಅ. 24. ಹಾಗಾಗಿ 24, 48, 72ನೆಯ ಸಾಲುಗಳಲ್ಲಿ ಮಾತ್ರ ಎರಡೂ ಕೆಲಸ ಒಟ್ಟಿಗೆ ಬರುತ್ತವೆ. ಹೆಚ್ಚಿಸುವುದು 12 ಸಲ, ಸುತ್ತುವುದು 9 ಸಲ, ಒಟ್ಟಿಗೆ ಬರುವುದು 3 ಸಲ. ಎಚ್ಚರದಿಂದ ಇರಬೇಕಾದ ಸಾಲುಗಳು 18 ಮಾತ್ರ. ಉಳಿದ 54 ಸಾಲುಗಳಲ್ಲಿ ಅಜ್ಜಿಯನ್ನು ಧಾರಾಳವಾಗಿ ಮಾತನಾಡಿಸಬಹುದು.

ಇನ್ನೊಂದು ಉಪಾಯವಿದೆ. ಪಟ್ಟಿಯ ನಂತರದ ಮೊದಲ ಸಾಲು ಒಳಮೈಯ ಕಡೆಯಿಂದ ಬರುವಂತೆ ನೋಡಿಕೊಂಡರೆ ಸಮಸಂಖ್ಯೆಯ ಸಾಲುಗಳೆಲ್ಲ ಹೊರಮೈಯಲ್ಲಿ ಬರುತ್ತವೆ. ಸುತ್ತು ಹಾಕುವ ಹೊತ್ತಿಗೆ ಒಳಮೈ ಎದುರಿಗಿದೆಯೇ? ಹಾಗಾದರೆ ಎಣಿಕೆ ಎಲ್ಲೋ ಜಾರಿದೆ.

ಚೆನ್ನೆಮಣೆ ಇಳಿಸಿ

ಆಟಿ ತಿಂಗಳಲ್ಲಿ ಆಡಿ ಅಟ್ಟಕ್ಕೇರಿಸಿದ ಚೆನ್ನೆಮಣೆ ಈ ಲೆಕ್ಕಕ್ಕೆ ಹೇಳಿ ಮಾಡಿಸಿದಂತಿದೆ. ಅದರಲ್ಲಿ ಸಾಲಿಗೆ ಏಳರಂತೆ 14 ಗುಳಿ. ಮೇಲಿನ ಏಳು ಮತ್ತು ಕೆಳಗಿನ ಒಂದು ಸೇರಿ ಎಂಟು ಗುಳಿ ಹಗ್ಗಕ್ಕೆ. ಉಳಿದ ಆರು ತೋಳು ಅಗಲವಾಗುವುದಕ್ಕೆ. ಎರಡು ಕಡೆಯೂ ಒಂದೊಂದು ಚೆನ್ನೆಕಾಯಿ ಇಟ್ಟುಕೊಳ್ಳಿ. ಅಜ್ಜಿ ಒಂದು ಸಾಲು ಶುರುಮಾಡಿದಾಗಲೆಲ್ಲ ಎರಡೂ ಕಾಯಿ ಒಂದೊಂದು ಗುಳಿ ಮುಂದಕ್ಕೆ. ಕೊನೆಯ ಗುಳಿ ತಲುಪಿದ ಕಾಯಿಯ ಕೆಲಸ ಆ ಸಾಲಿನಲ್ಲಿ. ಮುಂದಿನ ಸಾಲಿಗೆ ಅದು ಮತ್ತೆ ಮೊದಲ ಗುಳಿಗೆ. ಎರಡೂ ಒಟ್ಟಿಗೆ ಕೊನೆಗೆ ಬಂದರೆ 24 ಸಾಲು ಆಯಿತೆಂದು ಬೇರೊಂದು ಕಾಯಿಯನ್ನು ಬದಿಗಿಡಿ. ತೆಂಗಿನಕಾಯಿ ಎಣಿಸುವಾಗ ನೂರಕ್ಕೊಂದನ್ನು ಬದಿಗಿಡುವ ಹಾಗೆಯೇ ಇದು. ಬದಿಯಲ್ಲಿ ಮೂರು ಕಾಯಿ ಸೇರಿದರೆ 72 ಸಾಲು ಪೂರ್ತಿ.

ಪ್ರತಿ 24ನೆಯ ಸಾಲು ಮುಗಿದ ಮೇಲೆ ಬೇರೆ ಬಣ್ಣದ ಹತ್ತಿ ನೂಲನ್ನು ಸೂಜಿಯಲ್ಲಿ ಪೋಣಿಸಿ, ಕಡ್ಡಿಯ ಮೇಲಿನ ಎಲ್ಲ ಕುಣಿಕೆಗಳ ಒಳಗಿಂದ ಹಾಯಿಸಿಬಿಡಿ. ಮುಂದೆ ತಪ್ಪಿದರೆ ಕಡ್ಡಿ ತೆಗೆದು ಆ ನೂಲಿನವರೆಗೆ ಮಾತ್ರ ಬಿಚ್ಚಿದರೆ ಸಾಕು. ಕುಣಿಕೆಗಳನ್ನು ಅದು ಹಿಡಿದು ಕಾಯುತ್ತದೆ.

ಬರೆದಿಡುವ ಕೆಲಸ

1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನ ಹೆಣ್ಣುಮಕ್ಕಳ ಶಾಲೆಗಳಲ್ಲಿ ಓದು ಬರಹದ ಜೊತೆ ಹೊಲಿಗೆ, ಹೆಣಿಗೆಯನ್ನೂ ಕಲಿಸುತ್ತಿದ್ದರು. ಆಮೇಲೆ ಈ ವಿದ್ಯೆ ಅಕ್ಕನಿಂದ ತಂಗಿಗೆ, ನೆರೆಮನೆಯಿಂದ ನೆರೆಮನೆಗೆ ದಾಟಿತು. ಆದ್ದರಿಂದ ಅಜ್ಜಿಯ ಎಷ್ಟೋ ವಿನ್ಯಾಸಗಳು ಯಾವ ಪುಸ್ತಕದಲ್ಲೂ ಇಲ್ಲ, ಅವರ ಕೈಯಲ್ಲಿ ಮಾತ್ರ ಇವೆ. ಧಾರವಾಡದ ಕಸೂತಿಯೂ ಹೀಗೇ ಉಳಿದು ಬಂದದ್ದು. ಬಟ್ಟೆಯ ಮೇಲೆ ಗೆರೆ ಎಳೆಯದೆ, ಎಳೆ ಎಣಿಸಿ ಗೋಪುರ, ತೇರು, ಆನೆ ಮೂಡಿಸುತ್ತಾರೆ.

ಮಕ್ಕಳೇ, ಲೆಕ್ಕದ ಚೌಕುಳಿ ಪುಸ್ತಕ ತನ್ನಿ. ಒಂದು ಚೌಕ ಒಂದು ಕುಣಿಕೆ. ಹೊರಮೈಯಲ್ಲಿ ಸೀದಾ ಕಾಣುವಲ್ಲಿ ಖಾಲಿ ಬಿಡಿ, ಉಲ್ಟಾ ಕಾಣುವಲ್ಲಿ ಚುಕ್ಕಿ ಇಡಿ. ಕೆಳಗಿನಿಂದ ಮೇಲಕ್ಕೆ ಓದಬೇಕು. ಹೊರಮೈಯ ಸಾಲನ್ನು ಬಲದಿಂದ ಎಡಕ್ಕೆ, ಒಳಮೈಯ ಸಾಲನ್ನು ಎಡದಿಂದ ಬಲಕ್ಕೆ. ಒಳಮೈಯಲ್ಲಿ ಹೆಣೆಯುವಾಗ ಖಾಲಿ ಚೌಕಕ್ಕೆ ಉಲ್ಟಾ, ಚುಕ್ಕಿಗೆ ಸೀದಾ. ಫ್ರಾನ್ಸಿನ ಜಕಾರ್ಡ್ 1804ರಲ್ಲಿ ಇಂಥದ್ದೇ ‘ಇದೆ, ಇಲ್ಲ’ ಗುರುತನ್ನು ರಟ್ಟಿನಲ್ಲಿ ತೂತು ಕೊರೆದು ಮಗ್ಗಕ್ಕೆ ಓದಿಸಿದ. ಮುಂದೆ ಕಂಪ್ಯೂಟರಿಗೂ ತೂತಿನ ಕಾರ್ಡುಗಳಲ್ಲೇ ಸೂಚನೆ ಕೊಡುತ್ತಿದ್ದರು.

ಬರೆದಾದ ಮೇಲೆ ಒಂದು ಪರೀಕ್ಷೆ. ನೀವು ಗಟ್ಟಿಯಾಗಿ ಓದಿ, ಅಜ್ಜಿ ಓದಿದಷ್ಟನ್ನೇ ಹೆಣೆಯಲಿ. ನಡುವೆ ಅವರ ಕೈ ಓದದೇ ಇರುವುದನ್ನೂ ಮಾಡಿಬಿಡುತ್ತದೆ. ಸಾಲಿನ ಮೊದಲ ಕುಣಿಕೆಯನ್ನು ಹೆಣೆಯದೆ ಸುಮ್ಮನೆ ದಾಟಿಸಬಹುದು. ಅಂಚು ನೇರವಾಗಿ ನಿಲ್ಲುವುದು ಅದರಿಂದಲೇ. ‘ಅದನ್ನು ಹೇಳಲೇ ಇಲ್ಲವಲ್ಲ ಅಜ್ಜಿ?’ ಎಂದರೆ, ‘ಅದೆಂತ ಹೇಳುವುದು ಮಗಾ, ಹಾಗೇ ಅಲ್ಲವಾ ಮಾಡುವುದು’ ಎಂದಾರು. ಅಲ್ಲಿಗೆ ನಿಲ್ಲಿಸಿ, ಅದನ್ನೇ ಮೊದಲು ಬರೆದುಕೊಳ್ಳಿ.