ಹಿತ್ತಲಿಗೆ ಬರುವ ನೆಂಟರು

ಕಂಡ ಹಕ್ಕಿಗಳ ಹೆಸರು ಹೇಳಿ ಎಂದರೆ ಕಾಗೆ, ಗುಬ್ಬಿ, ಪಾರಿವಾಳ ಎಂದು ಹೇಳಿ ಸುಮ್ಮನಾಗುವ ಮಕ್ಕಳೇ ಹೆಚ್ಚು. ಬೆಳಿಗ್ಗೆ ಶಾಲೆಗೆ ಹೊರಡುವ ಮುನ್ನ ಹತ್ತು ನಿಮಿಷ ಹಿತ್ತಲಲ್ಲಿ ಸದ್ದಿಲ್ಲದೆ ಕುಳಿತರೆ ಸಾಕು, ಈ ಪಟ್ಟಿ ಬೆಳೆಯುತ್ತದೆ. ಅದಕ್ಕೆ ದುರ್ಬೀನು ಬೇಕೇಬೇಕೆಂದಿಲ್ಲ.

ತಲೆಯ ಮೇಲೆ ಕಪ್ಪು ಜುಟ್ಟು, ಕಣ್ಣಿನ ಹಿಂದೆ ಕೆಂಪು ಮಚ್ಚೆ ಇದ್ದರೆ ಅದು ಕೆಮ್ಮೀಸೆ ಪಿಕಳಾರ. ಕಂದು ಮೈ, ಹಳದಿ ಕೊಕ್ಕು, ಹಳದಿ ಕಾಲಿನ ಗೊರವಂಕ ನೆಲದ ಮೇಲೆ ಠೀವಿಯಿಂದ ನಡೆಯುತ್ತದೆ. ಬಾಲ ಮೇಲೆತ್ತಿ ಇಂಪಾಗಿ ಹಾಡುವ ಕಪ್ಪು-ಬಿಳುಪು ಹಕ್ಕಿ ಮಡಿವಾಳ. ಬಾಗಿದ ಕೊಕ್ಕಿನಿಂದ ಹೂವಿನ ಮಕರಂದ ಹೀರುವ ಪುಟಾಣಿ ಸೂರಕ್ಕಿ. ಎಲೆಗಳನ್ನು ಹತ್ತಿಯ ನಾರು, ಜೇಡರ ಬಲೆಯ ಎಳೆಗಳಿಂದ ಹೊಲಿದು ಗೂಡು ಕಟ್ಟುವ ಜಾಣ ಹಕ್ಕಿ ಟುವ್ವಿ.

ಕರೆಯುವುದು ಹೇಗೆ?

ಮೊದಲು ನೀರು. ಅಗಲವಾದ ಮಣ್ಣಿನ ತಟ್ಟೆಯಲ್ಲಿ ಎರಡು ಅಂಗುಲ ನೀರು ಹಾಕಿ, ನಡುವೆ ಒಂದು ಕಲ್ಲಿಡಿ. ಬೆಕ್ಕು ಹೊಂಚು ಹಾಕದಂತೆ ಪೊದೆಯಿಂದ ತುಸು ದೂರವಿರಲಿ. ದಿನವೂ ತಟ್ಟೆ ತೊಳೆದು ನೀರು ಬದಲಿಸಿ. ಇಲ್ಲವಾದರೆ ಸೊಳ್ಳೆ ಹುಟ್ಟುತ್ತವೆ.

ಗುಬ್ಬಿಗೆ ನುಚ್ಚು, ನವಣೆ ಹಾಕಬಹುದು. ಉಪ್ಪು, ಎಣ್ಣೆಯ ತಿಂಡಿ ಬೇಡ. ಗಿಡ ನೆಟ್ಟರೆ ಇನ್ನೂ ಒಳ್ಳೆಯದು: ದಾಸವಾಳಕ್ಕೆ ಸೂರಕ್ಕಿ, ಕರಿಬೇವಿನ ಹಣ್ಣಿಗೆ ಪಿಕಳಾರ ಬರುತ್ತವೆ. ಕೀಟನಾಶಕ ಸಿಂಪಡಿಸಬೇಡಿ. ಕಾಳು ತಿನ್ನುವ ಗುಬ್ಬಿಯೂ ಮರಿಗಳಿಗೆ ತಿನ್ನಿಸುವುದು ಹುಳುಗಳನ್ನು.

ಗುಬ್ಬಿಗೊಂದು ಗೂಡು

ಹೆಂಚಿನ ಮನೆಗಳ ಸಂದುಗಳಲ್ಲಿ ಗೂಡು ಕಟ್ಟುತ್ತಿದ್ದ ಗುಬ್ಬಿಗೆ ಕಾಂಕ್ರೀಟು ಮನೆಗಳಲ್ಲಿ ಜಾಗವಿಲ್ಲ. ಒಂದೂಕಾಲು ಅಂಗುಲ ಅಗಲದ ತೂತಿರುವ ಮರದ ಪೆಟ್ಟಿಗೆಯನ್ನು ಬಿಸಿಲು, ಮಳೆ ಬೀಳದ ಸೂರಿನ ಕೆಳಗೆ, ಬೆಕ್ಕಿಗೆ ಎಟುಕದ ಎತ್ತರದಲ್ಲಿ ತೂಗುಹಾಕಿ. ಗುಬ್ಬಿ ಬರಲು ತಿಂಗಳುಗಳೇ ಹಿಡಿಯಬಹುದು, ತಾಳ್ಮೆ ಇರಲಿ. ಮರಿಗಳಿರುವಾಗ ಇಣುಕಿ ನೋಡಬೇಡಿ.

ಬರೆದಿಡಿ

ದಿನಾಂಕ, ವೇಳೆ, ಹಕ್ಕಿಯ ಹೆಸರು, ಸಂಖ್ಯೆ ಇಷ್ಟನ್ನು ಒಂದು ನೋಟ್‌ಪುಸ್ತಕದಲ್ಲಿ ಗುರುತು ಹಾಕಿಕೊಳ್ಳಿ. ಇದು ಬರಿಯ ಕಾಲಹರಣವಲ್ಲ. ಗುಬ್ಬಿ ದೇಶದಿಂದಲೇ ಮಾಯವಾಗುತ್ತಿದೆ ಎಂಬ ಮಾತು ಬಹುಕಾಲ ಕೇಳಿಬರುತ್ತಿತ್ತು. ಸಾವಿರಾರು ಹವ್ಯಾಸಿಗಳು ಬರೆದಿಟ್ಟ ಪಟ್ಟಿಗಳನ್ನು ಆಧರಿಸಿ 2020ರಲ್ಲಿ ಹೊರಬಂದ ಭಾರತದ ಹಕ್ಕಿಗಳ ಸ್ಥಿತಿಗತಿ ವರದಿ, ಒಟ್ಟಾರೆ ದೇಶದಲ್ಲಿ ಗುಬ್ಬಿಗಳ ಸಂಖ್ಯೆ ಹೆಚ್ಚುಕಡಿಮೆ ಸ್ಥಿರವಾಗಿದೆ, ಇಳಿದಿರುವುದು ಬೆಂಗಳೂರಿನಂಥ ಮಹಾನಗರಗಳಲ್ಲಿ ಎಂದು ತಿಳಿಸಿತು. ಪ್ರತಿ ಫೆಬ್ರವರಿಯಲ್ಲಿ ನಾಲ್ಕು ದಿನ ನಡೆಯುವ ಜಾಗತಿಕ ಹಿತ್ತಲ ಹಕ್ಕಿ ಗಣತಿಯಲ್ಲಿ ಭಾರತ 2013ರಿಂದ ಪಾಲ್ಗೊಳ್ಳುತ್ತಿದೆ. ಹದಿನೈದು ನಿಮಿಷ ಎಣಿಸಿದರೂ ಸಾಕು, ಅದು ಲೆಕ್ಕಕ್ಕೆ ಬರುತ್ತದೆ.

ಅಪ್ಪ ಅಮ್ಮಂದಿರೇ, ಭಾನುವಾರ ಬೆಳಿಗ್ಗೆ ಮಕ್ಕಳ ಜೊತೆ ನೀವೂ ಕುಳಿತು ಎಣಿಸಬಾರದೇಕೆ?